ಅವ್ವ ಕೇಳಿದ ಹಳೇ ಸೀರೆಗಳು

ಅಪ್ಪ ರೇಷ್ಮೆಗೂಡು ಮಾರಲು ಕೊಳ್ಳೇಗಾಲದ ಮಾರುಕಟ್ಟೆಗೆ ಹೋದ ದಿನವೇ ನಮ್ಮ ಮನೆಯಲ್ಲಿ ಸೀರೆ ಹರಿಯುತ್ತಿದ್ದದ್ದು. ಗಂಡಸರ ಎದುರಿಗೆ ಆ ಕೆಲಸ ಆಗಬಾರದು ಎಂದು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಆದರೂ ಆಗುತ್ತಿರಲಿಲ್ಲ. ಅವ್ವ ಉಟ್ಟು ಉಟ್ಟು ಸವೆದ ನೂಲಿನ ಸೀರೆಯೊಂದನ್ನು ಮಡಿಲಿಗೆ ಹಾಕಿಕೊಂಡು ಹಿತ್ತಲ ಬಾಗಿಲಲ್ಲಿ ಕೂರುತ್ತಿದ್ದಳು. ಮೊದಲು ಎರಡೂ ಕಡೆಯ ಅಂಚು ಕಿತ್ತು ಬೇರೆ ಇಡುವಳು. ಅಂಚು ಒರಟು, ತೊಡೆಗೆ ಉಜ್ಜಿದರೆ ಚರ್ಮ ಕಿತ್ತು ಬರುತ್ತದೆ. ಅದನ್ನೇ ಹೊಸೆದು ಸೊಂಟಕ್ಕೆ ಕಟ್ಟುವ ದಾರ ಮಾಡುವಳು. ಉಳಿದ ಸೀರೆಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಪರ್ರೆಂದು ಸೀಳುವಳು. ಕತ್ತರಿ ಹಾಕಿದರೆ ಬಟ್ಟೆ ಎಳೆ ಬಿಡುತ್ತದೆ ಎನ್ನುವುದು ಅವಳ ವಾದ. ಈಗ ಕೊಳ್ಳೇಗಾಲದಲ್ಲಿ ರವಿಕೆ ಹೊಲಿದು ಬದುಕುತ್ತಿರುವ ನನಗೆ ಅದು ಅಷ್ಟೇನೂ ನಿಜವಲ್ಲ ಎಂದು ಗೊತ್ತು. ಆದರೆ ಅವ್ವನ ಎದುರು ಬಟ್ಟೆಯ ವಿಷಯದಲ್ಲಿ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಇರಲಿಲ್ಲ.

ಸೀಳಿದ ತುಂಡುಗಳನ್ನು ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿ, ಜಾಲಿಸಿ, ಒಣಗಿಸಿ, ಅಂಗೈಯಗಲ ಮಡಿಸಿ ಒಂದು ಗಂಟು ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದಳು. ಮುಟ್ಟಿನ ದಿನಗಳಿಗೆ ಅವ್ವನಿಗೊಂದು ಗಂಟು, ನನಗೊಂದು ಗಂಟು. ಮುಂದೆ ತಮ್ಮನಿಗೆ ಮದುವೆಯಾಗಿ ಹುಡುಗಿ ಮನೆಗೆ ಬಂದಾಗ ಅವಳಿಗೂ ಒಂದು. ಬಳಸಿ ಒಗೆದದ್ದನ್ನು ಒಣಗಿಸುವುದು ಮಾತ್ರ ಬೇರೆಯೇ ಪಾಡು. ಗಂಡಸರ ಕಣ್ಣಿಗೆ ಬೀಳಬಾರದು. ಹಾವು ದಾಟಬಾರದು, ದಾಟಿದರೆ ಬಸುರು ನಿಲ್ಲುವುದಿಲ್ಲವಂತೆ. ಹಾಗಾಗಿ ಹಿತ್ತಲ ಬೇಲಿಯ ಒಳಮಗ್ಗುಲಿಗೆ ಹರವಿ, ಮೇಲೊಂದು ಲಂಗ ಹೊದಿಸುತ್ತಿದ್ದೆವು. ಸೋನೆ ಹಿಡಿದರೆ ಅದು ಒಣಗುತ್ತಲೇ ಇರಲಿಲ್ಲ. ಹಸಿಬಟ್ಟೆಯನ್ನೇ ಕಟ್ಟಿಕೊಂಡು ನಡೆದು ತೊಡೆಸಂದಿ ಹುಣ್ಣಾಗಿ, ಅವ್ವ ಹರಳೆಣ್ಣೆ ಸವರಿ ಕೂರಿಸುತ್ತಿದ್ದಳು. ಹನೂರಿನಾಚೆ ರಾಮಾಪುರದ ಕಡೆಯ ಊರು ನಮ್ಮದು, ಅಲ್ಲಿ ಬಿಸಿಲಿಗೇನು ಬರವೇ? ಹುಣಸೆಹಣ್ಣಿಗೆ ಬಿಸಿಲಿತ್ತು, ರಾಗಿಗೆ ಇತ್ತು, ಅಪ್ಪನ ಟವೆಲ್ಲಿಗೆ ಇತ್ತು. ಈ ಬಟ್ಟೆಗೆ ಮಾತ್ರ ಇರಲಿಲ್ಲ.

ಯಳಂದೂರಿನ ಹಾಸ್ಟೆಲ್ಲಿಗೆ ಸೇರಿದಾಗ ಅವ್ವ ನನ್ನ ಟ್ರಂಕಿನ ತಳಕ್ಕೆ ಆ ಗಂಟನ್ನು ಇಟ್ಟು, ಅದರ ಮೇಲೆ ಪುಸ್ತಕ ಜೋಡಿಸಿದಳು. ಹಾಸ್ಟೆಲ್ಲಿನ ಹುಡುಗಿಯರೆಲ್ಲ ಅಂಗಡಿಯ ಪ್ಯಾಡು ತರುವವರು. ನಾನೂ ಕಲಿತೆ. ರಜೆಗೆ ಬಂದಾಗ ಒಂದನ್ನು ಅವ್ವನಿಗೆ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿ, "ಒಗುದ್ರೆ ಇದ್ರ ಕಲೆ ಓಯ್ತದಾ?" ಎಂದಳು. ಒಗೆಯುವುದಲ್ಲ, ಬಿಸಾಕುವುದು ಎಂದೆ. "ಅಯ್ಯೋ, ಇಷ್ಟ್ ಬೆಳ್ಳುಗಿರೋದ್ನ ಬಿಸಾಕಾಕೆ ಮನ್ಸಾದ್ರೂ ಎಂಗ್ ಬಂದದವ್ವ!" ಎಂದು ನಕ್ಕಳು. ಅವಳಿಗೆ ತನ್ನ ಸೀರೆಯ ತುಂಡೇ ಸರಿ. ಮೆತ್ತಗಿದ್ದು ಹೇಳಿದ ಮಾತು ಕೇಳುತ್ತದೆ ಎನ್ನುತ್ತಿದ್ದಳು.

ಈಗ ಹುಳುಮನೆಯ ಮಾತಿಗೆ ಬರಬೇಕು, ಅದಿಲ್ಲದೆ ಅವ್ವನ ಕಥೆ ಇಲ್ಲ. ಮನೆಯ ಪಕ್ಕದಲ್ಲೇ ರೇಷ್ಮೆಹುಳು ಸಾಕುವ ಉದ್ದನೆಯ ಕೋಣೆ. ನಮ್ಮ ಊಟ, ಬಟ್ಟೆ, ನನ್ನ ಓದು, ತಮ್ಮನ ಮದುವೆ ಎಲ್ಲ ಅದರೊಳಗಿಂದ ಬಂದದ್ದು. ಅದರ ಬೀಗದ ಕೈ ಅಜ್ಜಿಯ, ಅಂದರೆ ಅಪ್ಪನ ತಾಯಿಯ, ಸೊಂಟದಲ್ಲಿ ಇರುತ್ತಿತ್ತು. ಮುಟ್ಟಾದ ಹೆಂಗಸು ಹುಳುಮನೆಯ ಹೊಸ್ತಿಲು ತುಳಿಯುವಂತಿಲ್ಲ. ತುಳಿದರೆ ಹುಳು ಕೆಡುತ್ತದೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವಂತಿಲ್ಲ, ಹುಳು ಮೇಯುವ ತಟ್ಟೆ ತೊಳೆಯುವಂತಿಲ್ಲ, ಬಾಗಿಲ ಎದುರಿಗೆ ನೆರಳೂ ಬೀಳಬಾರದು. ಆ ದಿನಗಳಲ್ಲಿ ಅವ್ವ ಜಗಲಿಯ ಮೂಲೆಯಲ್ಲಿ ಚಾಪೆ ಹಾಕಿಕೊಳ್ಳುತ್ತಿದ್ದಳು. ಹಾಗಂತ ಕೂತು ಉಣ್ಣುತ್ತಿದ್ದಳು ಎಂದುಕೊಳ್ಳಬೇಡಿ. ಬೆಳಗಾದರೆ ರಾಗಿ ಹೊಲದಲ್ಲಿ ಕಳೆ ಕೀಳಲು ಹೋಗುತ್ತಿದ್ದಳು. ರಾಗಿಗೆ ಮೈಲಿಗೆ ಇಲ್ಲ, ಯಾಕೆಂದರೆ ಕಳೆ ಕೀಳುವುದಕ್ಕೆ ಆಳು ಬೇಕಲ್ಲ!

ಅಜ್ಜಿಯ ಕೈಯಲ್ಲಿ ಅವ್ವನನ್ನು ಹೆದರಿಸುವುದಕ್ಕೆ ಒಂದು ಹಳೆಯ ಬೆಳೆಯ ಮಾತಿತ್ತು. ಅವ್ವ ಹೊಸ ಮದುವಣಗಿತ್ತಿಯಾಗಿ ಬಂದ ವರ್ಷ, ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಹುಳುಗಳೆಲ್ಲ ಹಳದಿಗೆ ತಿರುಗಿ ಊದಿ, ಚರ್ಮ ಒಡೆದು ಹಾಲಿನಂಥ ನೀರು ಸುರಿಸಿ ಸತ್ತವಂತೆ. ಹಾಲುಹುಳು ಎನ್ನುತ್ತಾರೆ ಆ ರೋಗಕ್ಕೆ. ಮಂಕರಿಗಟ್ಟಲೆ ಸತ್ತ ಹುಳುವನ್ನು ಗುಂಡಿ ತೋಡಿ ಮುಚ್ಚಿದರಂತೆ. ಸೊಸೆ ಮುಟ್ಟಾಗಿದ್ದನ್ನು ಮುಚ್ಚಿಟ್ಟು ಒಳಗೆ ಹೋದಳು ಎಂದು ಅಜ್ಜಿ ಅಂದಳು. ಅವ್ವ ಇಲ್ಲ ಎಂದಳು. ಆದರೆ ಆ ಮಾತು ಸಾಯಲಿಲ್ಲ. ಹಬ್ಬಕ್ಕೆ ನೆಂಟರು ಬಂದರೆ, ಹೋಳಿಗೆ ಬಡಿಸುವ ಹೊತ್ತಿಗೆ ಸರಿಯಾಗಿ ಅದೂ ಎಲೆಗೆ ಬೀಳುತ್ತಿತ್ತು. ಅವ್ವ ತಲೆ ತಗ್ಗಿಸಿ ತುಪ್ಪ ಬಡಿಸಿಕೊಂಡು ಮುಂದೆ ಹೋಗುತ್ತಿದ್ದಳು.

ಅಜ್ಜಿಯನ್ನು ಕೆಟ್ಟವಳು ಎಂದು ಬರೆದುಬಿಟ್ಟರೆ ನನಗೆ ಸುಲಭ. ಆದರೆ ನನ್ನ ಬಾಣಂತನದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವಳೂ ಅವಳೇ. ಅವಳೂ ತನ್ನ ಕಾಲದಲ್ಲಿ ಅದೇ ಜಗಲಿಯ ಮೂಲೆಯಲ್ಲಿ ಕೂತು ಎದ್ದವಳು.

ಒಂದು ದಿನ ಅವ್ವ ಹೇಳದೆ ಕೇಳದೆ ಬಸ್ಸು ಹತ್ತಿ ಕೊಳ್ಳೇಗಾಲದ ನನ್ನ ಅಂಗಡಿಗೆ ಬಂದಳು. ಚೀಲದಲ್ಲಿ ಅವರೆಕಾಯಿ, ಬಾಯಿ ತುಂಬ ನಗು. ಗಿರಾಕಿಗಳು ಹೋಗುವ ತನಕ ತಡೆದುಕೊಂಡಿದ್ದು, "ನಿಂತೋಯ್ತು ಕಣವ್ವ!" ಎಂದಳು. ಮುಟ್ಟು ನಿಂತು ವರ್ಷ ತುಂಬಿತಂತೆ, ಒಂದು ತೊಟ್ಟೂ ಇಲ್ಲವಂತೆ. "ಇನ್ಮ್ಯಾಕೆ ನಾನೂ ಗಂಡಸ್ರಂಗೇ ಕಣೇ. ಮಾದಪ್ಪನ ಬೆಟ್ಟುಕ್ಕೆ ಯಾವತ್ ಬೇಕಾದ್ರೂ ಓಗ್ಬೌದು. ಯಾರೂ ಒರಗೆ ಕೂರ್ಸಂಗಿಲ್ಲ." ಅಜ್ಜಿಗೂ ಮಂಡಿ ಹಿಡಿದಿತ್ತು. ಹುಳುಮನೆಯ ಬೀಗದ ಕೈಯನ್ನು ತಾನೇ ತೆಗೆದು ಸೊಸೆಗೆ ಕೊಟ್ಟಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅವ್ವ ಸೆರಗು ಸರಿಸಿ ಸೊಂಟದಲ್ಲಿದ್ದ ಆ ಕೈಯನ್ನು ನನಗೆ ತೋರಿಸಿದ ರೀತಿ ನೋಡಿದ್ದರೆ, ಡಾಬು ಮಾಡಿಸಿಕೊಂಡಿದ್ದಾಳೆ ಎಂದುಕೊಳ್ಳಬೇಕು. ಅಟ್ಟದ ಮೇಲಿದ್ದ ತನ್ನ ಗಂಟನ್ನು ತಮ್ಮನ ಹೆಂಡತಿಗೆ ಕೊಟ್ಟು ಕೈ ತೊಳೆದುಕೊಂಡೆ ಎಂದಳು. ಅಷ್ಟು ಸಂತೋಷವಾಗಿ ಅವಳನ್ನು ನಾನು ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

ಹುಳುಮನೆ ಅವಳ ಕೈಯಲ್ಲಿ ಚೆನ್ನಾಗಿ ನಡೆಯಿತು. ಅವಳಿಗೆ ಹುಳುವಿನ ಗುಣ ಗೊತ್ತಿತ್ತು. ಪೊರೆ ಬಿಡಲು ಹುಳು ಮೇವು ನಿಲ್ಲಿಸಿ ಮಲಗುತ್ತದೆ, ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರದಲ್ಲಿರುವ ತಟ್ಟೆಯ ಬಳಿ ಅವ್ವ ಜೋರಾಗಿ ಮಾತೂ ಆಡುತ್ತಿರಲಿಲ್ಲ, ಮಗು ಮಲಗಿರುವ ತೊಟ್ಟಿಲ ಹತ್ತಿರ ಓಡಾಡುವ ಹಾಗೆ ಓಡಾಡುತ್ತಿದ್ದಳು. ಬೆಳೆ ಮೇಲೆ ಬೆಳೆ ಎದ್ದಿತು. ಅಪ್ಪ ಕೂಡ ಮಾರುಕಟ್ಟೆಯಿಂದ ಬಂದು, "ನಿಮ್ಮವ್ವನ ಕೈಗುಣ ಕಣವ್ವ" ಎಂದು ಫೋನಿನಲ್ಲಿ ಹೇಳುತ್ತಿದ್ದರು.

ಅದಾದ ಮೇಲೊಂದು ಬೇಸಿಗೆಯಲ್ಲಿ ಅವ್ವ ಫೋನು ಮಾಡಿ, ಹಳೇ ನೂಲಿನ ಸೀರೆ ಇದ್ದರೆ ತಾ ಎಂದಳು. ಹುಳುಮನೆಯ ಕಿಟಕಿಗಳಿಗೆ ನೆನೆಸಿ ಕಟ್ಟಿದರೆ ತಂಪಾಗಿರುತ್ತದೆ ಎಂದಳು. ಬೇಸಿಗೆಯಲ್ಲಿ ಎಲ್ಲರೂ ಹಾಗೆ ಕಟ್ಟುತ್ತಾರೆ, ನನಗೇನೂ ಅನ್ನಿಸಲಿಲ್ಲ. ಬಟ್ಟೆಯ ಕಸುಬಿನವಳಿಗೆ ಹಳೇ ಸೀರೆ ಹುಡುಕುವುದೇನು ಕಷ್ಟ? ಗಿರಾಕಿಗಳನ್ನು, ಅಕ್ಕಪಕ್ಕದವರನ್ನು ಕೇಳಿ ಒಂದು ಚೀಲ ಒಯ್ದೆ. ಮಳೆಗಾಲ ಬಂದರೂ ಅವಳು ಕೇಳುವುದು ನಿಲ್ಲಲಿಲ್ಲ. ಮತ್ತೊಂದು ಚೀಲ, ಮತ್ತೊಂದು ಚೀಲ. ಹನೂರಿನಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರೊಬ್ಬ, "ಏನಕ್ಕ, ಸೀರೆ ಯಾಪಾರನಾ?" ಎಂದು ತಮಾಷೆ ಮಾಡಿದ್ದೂ ಉಂಟು. ಅವ್ವ ಒಂದೊಂದು ಸೀರೆಯನ್ನೂ ಕೆನ್ನೆಗೆ ಒತ್ತಿ ನೋಡಿ, ಮೆತ್ತಗಿದ್ದದ್ದನ್ನು ಬೇರೆ ಇಡುತ್ತಿದ್ದಳು. ಸ್ವಲ್ಪ ಸೊರಗಿದಂತೆ ಕಂಡಳು. ಕೇಳಿದರೆ, "ಉಳ ಸಾಕೋರು ದಪ್ಪಾದ್ದ ಎಲ್ಲವ್ವ ಕಂಡಿದ್ದೀಯೆ" ಎಂದು ಬಾಯಿ ಮುಚ್ಚಿಸಿದಳು.

ಗೊತ್ತಾದದ್ದು ಒಂದು ಮಧ್ಯಾಹ್ನ. ನಾನು ಊರಿಗೆ ಹೋದಾಗ ಅಪ್ಪ, ತಮ್ಮ ಇಬ್ಬರೂ ಸೊಪ್ಪಿನ ತೋಟದಲ್ಲಿದ್ದರು. ಅಜ್ಜಿ ಜಗಲಿಯಲ್ಲಿ ತೂಕಡಿಸುತ್ತಿದ್ದಳು. ಹುಳು ಕೊನೆಯ ಜ್ವರ ಎದ್ದು ಗಬಗಬನೆ ಮೇಯುವ ದಿನಗಳು ಅವು, ಮನೆಯವರಿಗೆ ಉಣ್ಣಲೂ ಬಿಡುವಿರುವುದಿಲ್ಲ. ಕಾಲು ತೊಳೆದುಕೊಂಡು ಹುಳುಮನೆಯ ಒಳಗೆ ಹೋದೆ. ಅವ್ವ ತಟ್ಟೆಯ ಅಟ್ಟಣೆಯನ್ನು ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದಳು. ಏಳುವುದಕ್ಕೆ ಹೋಗಿ ಆಗದೆ ಮತ್ತೆ ಕೂತಳು. ಅವಳ ಸೀರೆಯ ಹಿಂಭಾಗ ಅಷ್ಟೂ ತೊಯ್ದಿತ್ತು.

"ಬಾಗ್ಲು ಆಕು" ಎಂದಳು, ಮೊದಲ ಮಾತಿಗೇ.

ಕಿಟಕಿಗಳ ಕಡೆ ನೋಡಿದೆ. ನೊಣ ತಡೆಯುವ ಬಲೆ ಬಿಟ್ಟರೆ ಒಂದು ಚೂರು ಸೀರೆಯೂ ಇರಲಿಲ್ಲ. ನಾನು ತಂದ ಸೀರೆಗಳೆಲ್ಲ ಇದ್ದದ್ದು ಹಿಂದಿನ ಕತ್ತಲೆ ಮೂಲೆಯಲ್ಲಿ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಅಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದರು. ಅವುಗಳ ಹಿಂದೆ ಅಂಗೈಯಗಲದ ತುಂಡುಗಳು ಸಾಲಾಗಿ, ಒದ್ದೆಯಾಗಿ, ಕಪ್ಪುಕಪ್ಪಾಗಿ ನೇತಾಡುತ್ತಿದ್ದವು. ಹುಳುವಿನ ಹಿಕ್ಕೆಯ ವಾಸನೆಯಲ್ಲಿ ಅದರ ವಾಸನೆ ಯಾರಿಗೂ ಗೊತ್ತಾಗಿರಲಿಲ್ಲ. ಯಾವ ಗಂಡಸೂ ಯಾವ ಹಾವೂ ನೋಡದ ಜಾಗ.

"ಎಷ್ಟು ದಿನದಿಂದವ್ವ?" ಎಂದೆ.

"ನೀನು ಮೊದ್ಲು ಸೀರೆ ತಂದ್ಯಲ್ಲ, ಆಗಿಂದ. ನಿಂತದ್ದು ತಿರ್ಗ ಬಂದ್ಬುಡ್ತು. ಮೊದ್ಲು ಕೊಂಚ ಇತ್ತು. ಈಗ ನಿಲ್ಲಾದೇ ಇಲ್ಲ."

"ಯಾಕೆ ಹೇಳ್ಲಿಲ್ಲ?" ಎಂದು ಕಿರುಚಿದೆ. ಅವ್ವ ಸೊಪ್ಪಿನ ವಾಸನೆಯ ಕೈಯಿಂದ ನನ್ನ ಬಾಯಿ ಮುಚ್ಚಿದಳು.

"ಯೇಳುದ್ರೆ ಕೈ ಕಿತ್ಕತಾರೆ ಕಣೇ" ಎಂದಳು. ಸೊಂಟದಲ್ಲಿದ್ದ ಬೀಗದ ಕೈಯ ಮಾತು ಅದು. "ತಿರ್ಗ ಆ ಮೂಲೆಲಿ ಕೂರಾಕೆ ನನ್ನ ಕೈಲಾಗಲ್ಲ. ಈ ಬೆಳೆ ಎದ್ಬುಡ್ಲಿ. ಉಳ ಗೂಡಿಗೆ ಬುದ್ದೇಟ್ಗೆ ನೀನ್ ಕರ್ದ್ ಕಡೆ ಬತ್ತೀನಿ."

ಕಾಲು ಹಿಡಿದೆ, ಬೈದೆ, ಅಪ್ಪನಿಗೆ ಹೇಳುತ್ತೇನೆ ಎಂದು ಹೆದರಿಸಿದೆ. ಹೇಳಿದರೆ ಬಾವಿಗೆ ಬೀಳುತ್ತೇನೆ ಎಂದಳು. ಅವಳು ಮಾತಿಗೆ ತಪ್ಪುವವಳಲ್ಲ ಎನ್ನುವುದೇ ನನ್ನ ಭಯ. ಮಾತಿಗೆ ತಪ್ಪದೆ, ಹುಳುಗಳೆಲ್ಲ ಹಣ್ಣಾಗಿ, ಅಂದರೆ ಗೂಡು ಕಟ್ಟಲು ಸಿದ್ಧವಾಗಿ, ಚಂದ್ರಿಕೆ ಏರಿದ ಮೇಲೆ, ಸೊಂಟನೋವು ಎಂದು ಮನೆಯವರಿಗೆ ಹೇಳಿ ನನ್ನ ಜೊತೆ ಬಸ್ಸು ಹತ್ತಿದಳು. ಸೀಟಿನ ಮೇಲೆ ಕಲೆಯಾದೀತೆಂದು ದಾರಿಯುದ್ದಕ್ಕೂ ತುದಿಯಲ್ಲೇ ಕೂತಿದ್ದಳು.

ಕೊಳ್ಳೇಗಾಲದ ಡಾಕ್ಟರಮ್ಮ ನೋಡಿ, ಮುಖ ಸಣ್ಣಗೆ ಮಾಡಿಕೊಂಡು ಮೈಸೂರಿಗೆ ಬರೆದುಕೊಟ್ಟರು. ಗರ್ಭಕೋಶದಲ್ಲಿ ಕ್ಯಾನ್ಸರ್, ಆಚೆಗೂ ಹಬ್ಬಿದೆ ಎಂದು ಮೈಸೂರಿನಲ್ಲಿ ಹೇಳಿದರು. ಕಟ್ಟಿದ ಬಟ್ಟೆಯಿಂದ ಬಂತೇ ಎಂದು ಕೇಳಿದೆ. ಅಲ್ಲ ಎಂದರು. "ಮುಟ್ಟು ನಿಂತು ವರ್ಷ ಆದಮೇಲೆ ಒಂದು ತೊಟ್ಟು ಕಾಣಿಸಿಕೊಂಡರೂ ಆವತ್ತೇ ಬರಬೇಕು ತಾಯಿ. ಆವತ್ತು ಬಂದಿದ್ದರೆ ತೆಗೆದುಹಾಕಿ ಮನೆಗೆ ಕಳಿಸುತ್ತಿದ್ದೆವು" ಎಂದರು. ಆ ಮಾತು ಕೇಳಿದ ದಿನದಿಂದ ನನ್ನ ಅಂಗಡಿಗೆ ಬರುವ ನಡುವಯಸ್ಸಿನ ಹೆಂಗಸರಿಗೆಲ್ಲ ಅಳತೆ ತೆಗೆದುಕೊಳ್ಳುತ್ತಲೇ ಅದನ್ನು ಹೇಳುತ್ತೇನೆ. ಕೆಲವರು ನಾಚುತ್ತಾರೆ. ನಾಚಲಿ.

ಕೊನೆಯ ತಿಂಗಳುಗಳನ್ನು ಅವ್ವ ನನ್ನ ಮನೆಯಲ್ಲೇ ಕಳೆದಳು. ಊರಿನ ಮನೆಯವರಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದಷ್ಟೇ ಗೊತ್ತು. ಅಂಗಡಿಯ ಪ್ಯಾಡು ಹಾಕಿದರೆ ಚರ್ಮ ಕೆಂಪಾಗಿ ಉರಿಯುತ್ತದೆ ಎಂದು ಅಳುತ್ತಿದ್ದಳು. ನಾನು ನೂಲಿನ ಬಟ್ಟೆಯನ್ನು ಪದರ ಪದರವಾಗಿ ಜೋಡಿಸಿ, ಒಳಗೆ ಬನಿಯನ್ ಬಟ್ಟೆ ಇಟ್ಟು, ಅಂಚು ತಾಕದ ಹಾಗೆ ತಿರುಗಿಸಿ ಹೊಲಿದೆ. ಎಷ್ಟೋ ಮದುವೆಗಳ ರವಿಕೆ ಹೊಲಿದ ಮೆಷಿನ್ನು ಅದು. ಹೊಲಿಯುವಾಗ ನನ್ನ ಕಣ್ಣೀರು ಬಟ್ಟೆಯ ಮೇಲೆ ಬೀಳುತ್ತಿತ್ತು, ಅದನ್ನೂ ಸೇರಿಸಿ ಹೊಲಿದೆ.

ಒಗೆದು ಕುದಿಸಿದ್ದನ್ನು ಅವ್ವನ ಮಂಚದ ಎದುರಿನ ಅಂಗಳದ ತಂತಿಗೆ, ಸುಡುವ ಬಿಸಿಲಿಗೆ, ಮೇಲೆ ಏನನ್ನೂ ಹೊದಿಸದೆ ಕ್ಲಿಪ್ಪು ಹಾಕಿ ಹರವಿದೆ. ಅವ್ವ ಬಾಗಿಲಿಂದ ನೋಡಿ ಗಾಬರಿಯಾದಳು.

"ಜನ ನೋಡ್ತಾರೆ ಕಣೇ, ಒಳಿಕ್ ತಕಾ."

"ನೋಡ್ಲಿ ಬುಡವ್ವ."

"ನಿನ್ ಗಂಡ ಬತ್ತಾನೆ."

"ಬರ್ಲಿ. ಅವನ ಬನೀನೂ ಪಕ್ಕದಲ್ಲೇ ಅದೆ, ಅದ್ಕೇನ್ ನಾಚ್ಕೆ ಆಗಿಲ್ಲ."

ಅವಳು ಮುಖ ಗೋಡೆಗೆ ತಿರುಗಿಸಿಕೊಂಡು ಮಲಗಿದಳು. ಸಂಜೆ, ಒಣಗಿ ಗರಿಗರಿಯಾದ ಬಟ್ಟೆಯನ್ನು ಕಟ್ಟಿದಾಗ ಮಾತ್ರ, "ಬೆಚ್ಚಗದೆ" ಎಂದಳು. ಅಷ್ಟು ವರ್ಷದಲ್ಲಿ ಬಿಸಿಲಿನ ಬಿಸಿ ಇದ್ದ ಬಟ್ಟೆಯನ್ನು ಅವಳು ಕಟ್ಟಿದ್ದು ಅದೇ ಮೊದಲು ಇರಬೇಕು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಒಂದು ಬೆಳಿಗ್ಗೆ ಗಂಜಿ ಕುಡಿಸುವಾಗ ಅವಳು ಇದ್ದಕ್ಕಿದ್ದಂತೆ ನಕ್ಕಳು. "ಉಳಕ್ಕೆ ಏನೂ ಆಗ್ನಿಲ್ಲ ಕಣವ್ವ" ಎಂದಳು. "ಅಷ್ಟು ಬೆಳೆ ತೆಗ್ದೆ, ಮೈಮ್ಯಾಲೆ ಅದ್ನ ಇಟ್ಕಂಡೇ. ಒಂದ್ ತಟ್ಟೆನೂ ಕೆಡ್ಲಿಲ್ಲ." ನಗುತ್ತಾ ನಗುತ್ತಾ ಅವಳ ಕಣ್ಣು ತುಂಬಿತು. "ಆ ಮೊದ್ಲುನ್ ಬೆಳೆ ಓಯ್ತಲ್ಲ. ನಾನು ಆವತ್ತು ನಿಜವಾಗ್ಲೂ ಒಳಿಕ್ ಓಗಿದ್ದೆ ಕಣೇ. ಚಿಕ್ಕುಡ್ಗಿ, ಯೇಳಾಕೆ ನಾಚ್ಕೆ ಆಯ್ತು. ಇಲ್ಲ ಅಂತ ಸುಳ್ಳಾಡ್ದೆ. ಅವೆಲ್ಲನೂ ನಾನೇ ಕೊಂದೆ ಅಂದ್ಕಂಡೇ ಇಷ್ಟು ವರ್ಸ ಬದುಕ್ದೆ."

ಗಂಜಿಯ ಲೋಟ ಕೆಳಗಿಟ್ಟೆ. ಎಲ್ಲರಿಗೂ ಹೇಳೋಣ ಅವ್ವ, ಅಜ್ಜಿಗೂ ಹೇಳೋಣ ಎಂದೆ. ಅವಳು ತಲೆ ಆಡಿಸಿದಳು. "ಬ್ಯಾಡ. ಅತ್ತಮ್ಮ ವಯಸ್ಸಾದೋರು. ಅವ್ರೂ ಅಷ್ಟು ವರ್ಸ ಒರಗೆ ಕುಂತಿದ್ದೋರಲ್ವಾ. ಅದೆಲ್ಲ ಸುಮ್ಸುಮ್ಕೆ ಅಂತ ಈಗ್ ಯೇಳುದ್ರೆ ಏನ್ ಮಾಡಾರು ಅವ್ರು?"

ಹಣ್ಣಾದ ಹುಳುವಿನ ಹಾಗೆ ಮೈ ಪಾರದರ್ಶಕವಾಗಿ, ಒಂದು ದಿನ ನೀರು ಕೇಳಿ, ತರುವಷ್ಟರಲ್ಲಿ ಹೋಗಿಬಿಟ್ಟಳು.

ತಿಥಿ ಕಳೆದು, ಮನೆಯಲ್ಲಿ ಮತ್ತೆ ಮೊಟ್ಟೆ ತಂದು ಹುಳು ಮಾಡಿದರು. ಬೀಗದ ಕೈ ಮತ್ತೆ ಅಜ್ಜಿಯ ಸೊಂಟಕ್ಕೆ ಬಂದಿತ್ತು, ಕೆಲಸವೆಲ್ಲ ತಮ್ಮನ ಹೆಂಡತಿಯದು. ಅವಳೂ ಅವ್ವನ ಹಾಗೇ ಚುರುಕು. ಒಂದು ಭಾನುವಾರ ನಾನು ಹೋದಾಗ, ಅವಳು ಸೊಪ್ಪಿನ ಮಂಕರಿ ಎತ್ತಿಕೊಂಡು ಹುಳುಮನೆಯ ಬಾಗಿಲಲ್ಲಿ ನಿಂತಿದ್ದಳು. ಆಗಷ್ಟೇ ಮುಟ್ಟಾಗಿದ್ದಾಳೆ ಎಂದು ಅಜ್ಜಿಗೆ ತಿಳಿದಿತ್ತು. "ಮಂಕ್ರಿ ಅಲ್ಲೇ ಇಟ್ಟು ಈಚೆ ಬಾ" ಎಂದು ಅಜ್ಜಿ ಜಗಲಿಯಿಂದ ಕೂಗುತ್ತಿದ್ದಳು. ಹುಡುಗಿ ನನ್ನ ಮುಖ ನೋಡಿದಳು. ಅವಳಿಗೆ ಒಳಗೆ ಹೋಗುವ ಮನಸ್ಸಿತ್ತು. ಹೊಸ್ತಿಲ ಮೇಲೆ ಒಂದು ಕಾಲು ಆಗಲೇ ಇತ್ತು. ಹಸಿದ ಹುಳು ಒಳಗೆ ತಲೆ ಎತ್ತಿ ಆಡಿಸುತ್ತಿದ್ದವು.

ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಕೂಗು ಕೇಳಿ ಬಂದಿದ್ದ ಅಪ್ಪ, ತಮ್ಮ, ಅಜ್ಜಿ, ಅವಳು, ಎಲ್ಲರ ಎದುರಿಗೆ. ಅವ್ವ ಅಷ್ಟೂ ಬೆಳೆಗಳನ್ನು ರಕ್ತ ಸುರಿಸಿಕೊಂಡೇ ತೆಗೆದದ್ದು, ಬಟ್ಟೆಯನ್ನು ಚಂದ್ರಿಕೆಯ ಹಿಂದೆ ಒಣಗಿಸಿದ್ದು, ನೀವೆಲ್ಲ ಕೈಗುಣ ಎಂದು ಹೊಗಳಿದ್ದು ಆ ಕೈಯನ್ನೇ ಎಂದು. "ಒಂದು ಹುಳ ಸತ್ತಿತಾ? ಹೇಳಿ, ಒಂದೇ ಒಂದು?" ಎಂದು ಕೂಗಾಡಿದೆ. ಕೂಗುತ್ತಿದ್ದ ನನಗೆ, ಅವ್ವನನ್ನು ಆ ಮೂಲೆಯ ಚಾಪೆಯಿಂದ ಕೈ ಹಿಡಿದು ಎಬ್ಬಿಸಿದಷ್ಟು ನಿರಾಳವಾಯಿತು.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ನಾಟಕವಲ್ಲ, ಎದೆ ಒಡೆದು ಅತ್ತಳು.

"ಅದ್ಕೇ ಕಣವ್ವ" ಎಂದಳು ಕೊನೆಗೆ. "ಅದ್ಕೇಯ ಅವಳಿಗೆ ಅಂಗಾಗಿದ್ದು. ಉಳ ಸುಮ್ಕೆ ಬುಟ್ಟವಾ? ಬೆಳೆ ಬುಟ್ಬುಟ್ಟು ಅವಳ್ನೇ ತಕಂಡ್ವು. ಅಯ್ಯೋ ನನ್ ಮಗ್ಳೇ, ಒಂದ್ ಮಾತ್ ಯೇಳಿದ್ರೆ ನಾನೇ ನಿನ್ನ ಒರಗೆ ಕೂರುಸ್ಕಂಡು ಕಾಪಾಡ್ತಿದ್ನಲ್ಲವ್ವ."

ಅಪ್ಪ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು ಹೌದೆಂದು ತಲೆಯಾಡಿಸಿದರು. ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ಮೊದಲ ದಿನವೇ ಬಂದಿದ್ದರೆ ಉಳಿಯುತ್ತಿದ್ದಳು ಎಂದೆ, ಎರಡೆರಡು ಸಲ ಹೇಳಿದೆ. ಅಜ್ಜಿಯ ಅಳುವಿನ ಎದುರು ನನ್ನ ಮಾತು ಯಾರ ಕಿವಿಗೂ ಹೋಗಲಿಲ್ಲ.

ತಮ್ಮನ ಹೆಂಡತಿ ಹೊಸ್ತಿಲ ಮೇಲಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಮಂಕರಿ ಕೆಳಗಿಟ್ಟು, ಮೈ ಮುದುಡಿಕೊಂಡು ಜಗಲಿಯ ಮೂಲೆಗೆ ಹೋದಳು. ಅಲ್ಲಿಯ ತನಕ ಬೆಳೆ ಹೋದೀತು ಎಂದು ಹೆದರಿ ಹೊರಗೆ ಕೂರುತ್ತಿದ್ದ ಹುಡುಗಿ, ಆವತ್ತಿನಿಂದ ಜೀವ ಹೋದೀತು ಎಂದು ಹೆದರಿ ಕೂರುತ್ತಿದ್ದಾಳೆ.